ಜೋಮಿಗೆ ಎಷ್ಟು ಶೇಕಡಾ?

ನಮ್ಮ ಪಕ್ಕದ ಮನೆಯ ಹಿರಿಯರು ವಿಯೆಟ್ನಾಂ ಯುದ್ಧದಲ್ಲಿದ್ದವರು. ನಾವು ಅಮೆರಿಕಕ್ಕೆ ಬಂದ ಮೊದಲ ಚಳಿಗಾಲದಲ್ಲಿ ಹಿಮ ಎತ್ತಿ ಹಾಕುವುದನ್ನು ನಮಗೆ ಕಲಿಸಿದವರು ಅವರೇ. ಒಂದು ಸಂಜೆ ಅಂಚೆ ಡಬ್ಬಿಯಿಂದ ಕಾಗದ ತೆಗೆದುಕೊಂಡು, ಹುಲ್ಲು ದಾಟಿ ನಮ್ಮ ಬಾಗಿಲಿಗೆ ಬಂದರು. ಬಲಗಾಲಿನಲ್ಲಿ ಚಪ್ಪಲಿ ಇತ್ತು, ಎಡಗಾಲು ಬರಿದಾಗಿತ್ತು. ಎಡಗಾಲಿನ ಚಪ್ಪಲಿ ಹದಿನೈದು ಹೆಜ್ಜೆ ಹಿಂದೆ ಹುಲ್ಲಿನಲ್ಲಿ ಮಗುಚಿ ಬಿದ್ದಿತ್ತು. ನಾನು ಕೈ ಮಾಡಿ ತೋರಿಸುವವರೆಗೂ ಅದು ಅವರಿಗೆ ಗೊತ್ತಿರಲಿಲ್ಲ.

ಕೈಯಲ್ಲಿದ್ದ ಕಾಗದ ಅವರ ಅಂಗವೈಕಲ್ಯದ ತೀರ್ಮಾನಪತ್ರ. ಎರಡೂ ಪಾದಗಳ ನರದ ತೊಂದರೆ ಸೇನೆಯ ಸೇವೆಯಿಂದಲೇ ಬಂದದ್ದು ಎಂದು ಅದು ಒಪ್ಪಿಕೊಂಡಿತ್ತು. ಆದರೆ ತೊಂದರೆಯ ಮಟ್ಟವನ್ನು 'ಸೌಮ್ಯ' ಎಂದು ಬರೆದು, ಒಂದೊಂದು ಕಾಲಿಗೆ ಶೇ 10 ಅಂಗವೈಕಲ್ಯ ಕೊಟ್ಟಿತ್ತು; ತಿಂಗಳ ಪರಿಹಾರ ನಿಂತಿರುವುದು ಈ ಶೇಕಡಾದ ಮೇಲೆ. ಚಪ್ಪಲಿ ಕಳಚಿದ್ದೇ ತಿಳಿಯದ ಕಾಲು ಸೌಮ್ಯ ಹೇಗಾಯಿತು? ತಪಾಸಣೆಯ ದಿನ ಏನು ಹೇಳಿದಿರಿ ಎಂದು ಕೇಳಿದೆ. "ಕಾಲು ಹೇಗಿದೆ ಎಂದರು. ಪರವಾಗಿಲ್ಲ, ನಡೆಯುತ್ತದೆ ಎಂದೆ." ದೂರು ಹೇಳಬಾರದೆಂದು ಹತ್ತೊಂಬತ್ತನೇ ವಯಸ್ಸಿನಲ್ಲೇ ಕಲಿತವರು ಇನ್ನೇನು ಹೇಳಿಯಾರು? ವೈದ್ಯರು ಕೇಳಿಸಿಕೊಂಡದ್ದನ್ನೇ ಬರೆದರು, ತೀರ್ಮಾನ ಮಾಡುವವರು ಬರೆದದ್ದನ್ನೇ ಓದಿದರು. ಅಂದಿನಿಂದ ಎಷ್ಟೋ ರಾತ್ರಿ ಈ ಶೇಕಡಾ ನಿಗದಿ ಮಾಡುವ ನಿಯಮಗಳನ್ನು ಓದಿದ್ದೇನೆ. ಇಲ್ಲಿ ಸೇನೆಗೆ ಸೇರಿದ ಮಕ್ಕಳಿರುವ ಕನ್ನಡದ ಮನೆಗಳಿಗೂ, ನೆರೆಹೊರೆಯಲ್ಲಿ ಇಂಥ ಹಿರಿಯರಿರುವವರಿಗೂ ಉಪಯೋಗವಾಗಲಿ ಎಂದು ತಿಳಿದಷ್ಟನ್ನು ಬರೆಯುತ್ತಿದ್ದೇನೆ.

ಅಮೆರಿಕದಲ್ಲಿ ಮಾಜಿ ಸೈನಿಕರ ಪರಿಹಾರವನ್ನು ನೋಡಿಕೊಳ್ಳುವುದು ವೆಟರನ್ಸ್ ಅಫೇರ್ಸ್ ಇಲಾಖೆ; ಎಲ್ಲರ ಬಾಯಲ್ಲೂ ಅದು ವಿಎ. ಯಾವ ಕಾಯಿಲೆಗೆ ಎಷ್ಟು ಶೇಕಡಾ ಎಂಬುದು ಫೆಡರಲ್ ನಿಯಮಾವಳಿಯ 38ನೇ ಶೀರ್ಷಿಕೆಯ 4ನೇ ಭಾಗದಲ್ಲಿದೆ. ಸೊನ್ನೆಯಿಂದ ನೂರರವರೆಗೆ ಹತ್ತರ ಮೆಟ್ಟಿಲುಗಳು. ಸೊನ್ನೆ ಬಂದರೂ ಅದಕ್ಕೆ ಬೆಲೆಯಿದೆ: ಹಣ ಬರುವುದಿಲ್ಲ, ಆದರೆ ಕಾಯಿಲೆ ಸೇವೆಯಿಂದ ಬಂದದ್ದು ಎಂಬುದು ದಾಖಲಾಗುತ್ತದೆ, ಮುಂದೆ ಉಲ್ಬಣಿಸಿದರೆ ಮೊದಲಿನಿಂದ ಸಾಬೀತು ಮಾಡುವ ಪಾಡಿಲ್ಲ. 2025ರ ದರದಲ್ಲಿ ಒಂಟಿ ವ್ಯಕ್ತಿಗೆ ಶೇ 10ಕ್ಕೆ ತಿಂಗಳಿಗೆ 175.51 ಡಾಲರ್, ಶೇ 40ಕ್ಕೆ 774.16, ಶೇ 50ಕ್ಕೆ 1,102.04, ಶೇ 100ಕ್ಕೆ 3,831.30 ಇತ್ತು. ಈ ಹಣಕ್ಕೆ ಆದಾಯ ತೆರಿಗೆ ಇಲ್ಲ. ಶೇ 30 ಮತ್ತು ಅದಕ್ಕಿಂತ ಮೇಲಿನವರಿಗೆ ಹೆಂಡತಿ ಅಥವಾ ಗಂಡ, ಮಕ್ಕಳು ಮತ್ತು ಅವಲಂಬಿತ ತಂದೆತಾಯಿಯ ಲೆಕ್ಕದಲ್ಲಿ ಇನ್ನಷ್ಟು ಸೇರುತ್ತದೆ.

ಶೇಕಡಾದ ಮಾತು ಬರುವ ಮೊದಲು ಸಂಬಂಧ ಸಾಬೀತಾಗಬೇಕು. ಇದು ಮೂರು ಕಲ್ಲಿನ ಒಲೆ, ಒಂದು ಕಲ್ಲು ಇಲ್ಲದಿದ್ದರೂ ಪಾತ್ರೆ ಉರುಳುತ್ತದೆ. ಈಗ ಕಾಯಿಲೆ ಇದೆ ಎಂದು ವೈದ್ಯರು ಗುರುತಿಸಿರಬೇಕು. ಸೇವೆಯಲ್ಲಿದ್ದಾಗ ಪೆಟ್ಟೋ ಕಾಯಿಲೆಯೋ ವಿಷದ ಸಂಪರ್ಕವೋ ಆಗಿರಬೇಕು. ಅದಕ್ಕೂ ಇದಕ್ಕೂ ನಂಟಿದೆ ಎಂದು ವೈದ್ಯರ ಅಭಿಪ್ರಾಯ ಬೇಕು. ಹೆಚ್ಚಿನ ಅರ್ಜಿಗಳು ಎಡವುವುದು ಈ ಮೂರನೆಯ ಕಲ್ಲಿನಲ್ಲಿ. 'ಇರಬಹುದು' ಎಂದು ಬರೆದ ಅಭಿಪ್ರಾಯ ಸಾಲದು. ಹಾಗೆಂದು 'ಖಂಡಿತ' ಎಂದು ಬರೆಸಬೇಕಾಗಿಯೂ ಇಲ್ಲ. ಸೇವೆಯಿಂದ ಬಂದಿರುವ ಸಾಧ್ಯತೆ ಕನಿಷ್ಠ ಅರ್ಧದಷ್ಟಿದೆ ಎಂದಿದ್ದರೆ ಸಾಕು. ತಕ್ಕಡಿಯ ಎರಡೂ ತಟ್ಟೆ ಸಮವಾಗಿ ನಿಂತರೆ ತೀರ್ಪು ಯೋಧನ ಕಡೆಗೆ ಎಂದು ಕಾನೂನೇ ಹೇಳುತ್ತದೆ. ಈ ಸಾಲನ್ನು ಓದಿದಾಗ ನನಗೆ ನಿಜಕ್ಕೂ ಸಮಾಧಾನವಾಯಿತು.

ನಮ್ಮ ಹಿರಿಯರ ನಂಟು ಬಂದ ದಾರಿಯನ್ನು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ವಿಯೆಟ್ನಾಂ ಕಾಲದವರು ದಾರಿ ತಪ್ಪುವುದು ಇಲ್ಲೇ. 1962ರಿಂದ 1971ರವರೆಗೆ ಅಮೆರಿಕದ ಸೇನೆ ಅಲ್ಲಿನ ಕಾಡಿನ ಮೇಲೆ ಕಳೆನಾಶಕಗಳನ್ನು ಸುರಿಯಿತು. ಅವುಗಳಲ್ಲಿ ಮುಖ್ಯವಾದ ಒಂದಕ್ಕೆ, ಪೀಪಾಯಿಗಳ ಮೇಲೆ ಕಿತ್ತಳೆ ಬಣ್ಣದ ಪಟ್ಟಿ ಇದ್ದುದರಿಂದ, ಏಜೆಂಟ್ ಆರೆಂಜ್ ಎಂಬ ಹೆಸರು ಬಂತು. ಅದರಲ್ಲಿ ಬೆರೆತಿದ್ದ ಡಯಾಕ್ಸಿನ್ ಎಂಬ ವಿಷ ಹಲವು ಕಾಯಿಲೆಗಳಿಗೆ ಕಾರಣ ಎಂದು ಸರ್ಕಾರ ಒಪ್ಪಿಕೊಂಡು, ನಂಟಿನ ಸಾಕ್ಷ್ಯ ಕೇಳದೆ ಸೇವೆಗೆ ಸಂಬಂಧಿಸಿದ್ದೆಂದು ಭಾವಿಸುವ ಕಾಯಿಲೆಗಳ ಪಟ್ಟಿ ಮಾಡಿದೆ. ಆ ಪಟ್ಟಿಯಲ್ಲಿ ಕೈಕಾಲಿನ ನರದ ಕಾಯಿಲೆಯೂ ಇದೆ. ಇದನ್ನು ನೋಡಿದ ಯೋಧ ಸಹಜವಾಗಿಯೇ ನೇರ ಅದರ ಮೇಲೆ ಅರ್ಜಿ ಹಾಕುತ್ತಾನೆ, ಅರ್ಜಿ ತಿರಸ್ಕೃತವಾಗುತ್ತದೆ. ಪಟ್ಟಿಯಲ್ಲಿರುವುದು ಬೇಗ ಕಾಣಿಸಿಕೊಳ್ಳುವ ನರದ ಕಾಯಿಲೆ ಮಾತ್ರ. ವಿಷದ ಸಂಪರ್ಕವಾದ ಒಂದು ವರ್ಷದೊಳಗೆ ಅದು ಕನಿಷ್ಠ ಶೇ 10ರ ಮಟ್ಟದಲ್ಲಿ ಕಾಣಿಸಿಕೊಂಡಿರಬೇಕು. 1969ರಲ್ಲಿ ಕಾಡಿನಲ್ಲಿದ್ದವನ ಕಾಲು ಜೋಮು ಹಿಡಿಯಲು ಶುರುವಾದದ್ದು 2005ರಲ್ಲಾದರೆ ಆ ಬಾಗಿಲು ಮುಚ್ಚಿದೆ.

ಪಕ್ಕದ ಬಾಗಿಲು ತೆರೆದಿದೆ. ಎರಡನೆಯ ಬಗೆಯ ಸಕ್ಕರೆ ಕಾಯಿಲೆಯೂ ಅದೇ ಪಟ್ಟಿಯಲ್ಲಿದೆ, ಅದಕ್ಕೆ ವರ್ಷದ ಗಡುವಿಲ್ಲ. ಸಕ್ಕರೆ ಕಾಯಿಲೆ ವರ್ಷಗಟ್ಟಲೆ ಇದ್ದರೆ ನರ ಸವೆಯುತ್ತದೆ ಎಂಬುದು ಎಲ್ಲ ವೈದ್ಯರಿಗೂ ಗೊತ್ತಿರುವ ವಿಷಯ. ಆದ್ದರಿಂದ ಮೊದಲು ಸಕ್ಕರೆ ಕಾಯಿಲೆಗೆ ಅರ್ಜಿ, ಅದರ ಬೆನ್ನಿಗೆ ಅದರಿಂದ ಹುಟ್ಟಿದ ಕಾಯಿಲೆ ಎಂದು ನರದ ತೊಂದರೆಗೆ ಅರ್ಜಿ. ಸೇವೆಯಿಂದ ಬಂದ ಕಾಯಿಲೆ ತಾಯಿಯಾದರೆ ಇದು ಮಗು. ತಾಯಿಯನ್ನು ಒಪ್ಪಿದವರು, ಎರಡರ ನಂಟು ಸಾಬೀತಾದರೆ, ಮಗುವನ್ನೂ ಒಪ್ಪಬೇಕಾಗುತ್ತದೆ. ನಮ್ಮ ಹಿರಿಯರು ಬಂದದ್ದು ಈ ದಾರಿಯಲ್ಲೇ.

ಇಂಥದೇ ಇನ್ನೊಂದು ದಾರಿ ಬೆನ್ನಿನದು. ಪ್ಯಾರಾಚೂಟಿನಿಂದ ಧುಮುಕಿ, ಭಾರದ ಚೀಲ ಹೊತ್ತು ಬೆನ್ನುಮೂಳೆಯ ತಟ್ಟೆ ಜಾರಿದವರಿಗೆ ಸೊಂಟದಿಂದ ಕಾಲಿನವರೆಗೆ ಸೆಳೆತ ಇಳಿಯುತ್ತದೆ. ಬೆನ್ನಿಗೆ ಮಾತ್ರ ಅರ್ಜಿ ಹಾಕಿ ಕಾಲನ್ನು ಮರೆಯುವವರು ಬಹಳ ಮಂದಿ. ಬೆನ್ನುಮೂಳೆಯ ನಿಯಮದ ಮೊದಲ ಟಿಪ್ಪಣಿಯೇ ಅದರಿಂದ ಆದ ನರದ ತೊಂದರೆಗೆ ಬೇರೆಯಾಗಿ ಶೇಕಡಾ ಕೊಡಬೇಕೆನ್ನುತ್ತದೆ. 1950ರ ಕೊನೆಯಲ್ಲಿ ಕೊರಿಯಾದ ಚೋಸಿನ್ ಜಲಾಶಯದ ಹೆಪ್ಪುಗಟ್ಟಿಸುವ ಚಳಿಯಲ್ಲಿ ಕಾದಾಡಿದವರ ಪಾದಗಳದ್ದೂ ಇದೇ ಕತೆ: ಶೀತದ ಗಾಯಕ್ಕೆ ಒಂದು ಲೆಕ್ಕ, ಅದು ಉಳಿಸಿಹೋದ ನರದ ಕಾಯಿಲೆಗೆ ಇನ್ನೊಂದು.

ಇನ್ನು ಶೇಕಡಾ. ನರಗಳ ಪಟ್ಟಿ ಪ್ಯಾರಾಲಿಸಿಸ್ ಎಂಬ ಪದದಿಂದ ಶುರುವಾಗುತ್ತದೆ. ಆ ಪದ ಕೇಳಿದರೆ ನಮಗೆ ಲಕ್ವ ಹೊಡೆದವರು ನೆನಪಾಗುತ್ತಾರೆ. ನನಗೆ ಅಂಥದ್ದೇನೂ ಇಲ್ಲವಲ್ಲ ಎಂದು ಯೋಧರು ಕಾಗದವನ್ನು ಮಡಚಿಡುವುದೂ ಉಂಟು. ಇಲ್ಲಿ ಅದರ ಅರ್ಥ ಒಂದು ನರ ತನ್ನ ಕೆಲಸವನ್ನು ಎಷ್ಟು ಕಳೆದುಕೊಂಡಿದೆ ಎಂಬುದಷ್ಟೆ. ಪೂರ್ತಿ ಕಳೆದುಕೊಂಡರೆ ಸಂಪೂರ್ಣ, ಉಳಿದದ್ದೆಲ್ಲ ಅಪೂರ್ಣ. ಸೊಂಟದಿಂದ ಪಾದಕ್ಕೆ ಇಳಿಯುವ ಸಯಾಟಿಕ್ ನರವನ್ನು ತೆಗೆದುಕೊಳ್ಳಿ. ಪಾದ ಜೋತುಬಿದ್ದು, ಮಂಡಿಯ ಕೆಳಗಿನ ಯಾವ ಸ್ನಾಯುವೂ ಅಲುಗದಿದ್ದರೆ ಅದು ಸಂಪೂರ್ಣ, ಶೇ 80. ಸ್ನಾಯು ಎದ್ದು ಕಾಣುವಷ್ಟು ಬತ್ತಿಹೋಗಿ ತೊಂದರೆ ತೀವ್ರವಾಗಿದ್ದರೆ 60. ಮಧ್ಯಮಕ್ಕಿಂತ ಹೆಚ್ಚು, ತೀವ್ರಕ್ಕಿಂತ ಕಡಿಮೆ ಎಂಬ ಮೆಟ್ಟಿಲಿಗೆ 40. ಮಧ್ಯಮಕ್ಕೆ 20, ಸೌಮ್ಯಕ್ಕೆ 10. ಎಲ್ಲ ನರಗಳಿಗೂ ಇಷ್ಟು ಬೆಲೆ ಇಲ್ಲ. ತೊಡೆಯ ಮುಂಭಾಗದ ಫೀಮೋರಲ್ ನರ ಪೂರ್ತಿ ಸತ್ತರೂ ಶೇ 40. ತೊಡೆಯ ಹೊರಮೈಯ ಚರ್ಮದ ಸಣ್ಣ ನರಕ್ಕೆ ಎಷ್ಟೇ ಆದರೂ 10. ಯಾವ ನರದ ಹೆಸರು ಕಡತದಲ್ಲಿ ಬರೆಯಲಾಗಿದೆ ಎಂಬುದನ್ನು ಅದಕ್ಕಾಗಿಯೇ ಕಣ್ಣಿಟ್ಟು ನೋಡಬೇಕು.

ಸೌಮ್ಯ ಎಂದರೇನು, ಮಧ್ಯಮ ಎಂದರೇನು? ನಿಯಮಾವಳಿಯಲ್ಲಿ ಇದಕ್ಕೆ ವ್ಯಾಖ್ಯೆಯೇ ಇಲ್ಲ. ಒಬ್ಬ ಮನುಷ್ಯನ ತಿಂಗಳ ಆದಾಯ ನಿಂತಿರುವುದು ಅಳತೆಗೋಲಿಲ್ಲದ ಎರಡು ವಿಶೇಷಣಗಳ ಮೇಲೆ. ಅಧಿಕಾರಿ ಎಲ್ಲ ಸಾಕ್ಷ್ಯ ನೋಡಿ ತೂಗಿ ನಿರ್ಧರಿಸಬೇಕು. ಆದ್ದರಿಂದ ತೂಗಲು ಏನಾದರೂ ಕಡತದಲ್ಲಿ ಇರಲೇಬೇಕು.

ಒಂದು ಮಿತಿ ಮಾತ್ರ ಸ್ಪಷ್ಟವಾಗಿದೆ. ತೊಂದರೆ ಕೇವಲ ಸ್ಪರ್ಶಜ್ಞಾನದ್ದಾಗಿದ್ದರೆ, ಅಂದರೆ ಜೋಮು, ಉರಿ, ಜುಮುಗುಡುವಿಕೆ, ನೋವು ಇಷ್ಟೇ ಆಗಿದ್ದರೆ, ಸೌಮ್ಯ ಅಥವಾ ಹೆಚ್ಚೆಂದರೆ ಮಧ್ಯಮ. ಅದಕ್ಕಿಂತ ಮೇಲೆ ಹೋಗಬೇಕಾದರೆ ಸ್ನಾಯುವಿನ ಬಲ ಕುಗ್ಗಿರುವುದು, ಮಾಂಸಖಂಡ ಬತ್ತಿರುವುದು, ಸುತ್ತಿಗೆ ತಟ್ಟಿದರೆ ಪಾದ ಚಿಮ್ಮದಿರುವುದು ಇಂಥ ಏನಾದರೂ ದಾಖಲಾಗಿರಬೇಕು. ಹಾಗೆ ದಾಖಲಾದ ಮಾತ್ರಕ್ಕೆ ಮಧ್ಯಮಕ್ಕಿಂತ ಹೆಚ್ಚು ಕೊಡಲೇಬೇಕು ಎಂದೂ ಇಲ್ಲ. 2017ರ ಮಿಲ್ಲರ್ ಮತ್ತು ಶುಲ್ಕಿನ್ ನಡುವಿನ ಪ್ರಕರಣದಲ್ಲಿ ಮಾಜಿ ಸೈನಿಕರ ಮೇಲ್ಮನವಿ ನ್ಯಾಯಾಲಯ ಇದನ್ನು ಬಿಡಿಸಿ ಹೇಳಿದೆ. ಉರಿಪಾದದಿಂದ ರಾತ್ರಿಯಿಡೀ ನಿದ್ದೆಗೆಟ್ಟವನಿಗೂ ಮಧ್ಯಮವೇ ಚಾವಣಿ ಎಂಬುದು ನನಗೆ ನ್ಯಾಯವೆನಿಸುವುದಿಲ್ಲ, ಆದರೆ ನಿಯಮ ಇರುವುದು ಹಾಗೆ.

ಕೈಯ ವಿಷಯದಲ್ಲಿ ಇನ್ನೊಂದು ಪ್ರಶ್ನೆ ಸೇರುತ್ತದೆ: ನೀವು ಬಲಗೈಯವರೋ ಎಡಗೈಯವರೋ? ಕೆಲಸ ಮಾಡುವ ಮುಖ್ಯ ಕೈಗೆ ಹೆಚ್ಚು ಬೆಲೆ. ಮಣಿಕಟ್ಟಿನ ಮೂಲಕ ಹೆಬ್ಬೆರಳಿನ ಕಡೆಗೆ ಹೋಗುವ ಮೀಡಿಯನ್ ನರ ಪೂರ್ತಿ ಹೋದರೆ ಮುಖ್ಯ ಕೈಗೆ ಶೇ 70, ಇನ್ನೊಂದಕ್ಕೆ 60. ಮಧ್ಯಮವಾದರೆ 30 ಮತ್ತು 20. ಕಿರುಬೆರಳಿನ ಕಡೆಯ ಅಲ್ನರ್ ನರಕ್ಕೆ ಸಂಪೂರ್ಣವಾದಾಗ 60 ಮತ್ತು 50. ಎರಡೂ ಕೈಯಲ್ಲಿ ಬರೆಯಬಲ್ಲವನಿಗೂ ಮುಖ್ಯ ಕೈ ಒಂದೇ ಎಂದು ನಿಯಮ ಹೇಳುತ್ತದೆ.

ತಪಾಸಣೆ ನಡೆಯುವ ರೀತಿಯನ್ನು ಒಮ್ಮೆ ಹತ್ತಿರದಿಂದ ನೋಡಿದ್ದೇನೆ, ಹಿರಿಯರ ಜೊತೆ ಅವರ ಮಾಮೂಲಿ ವೈದ್ಯರಲ್ಲಿಗೆ ಹೋದಾಗ. ಮೀನಿನ ಗಾಳದ ದಾರದಂಥ ಒಂದು ನೈಲಾನ್ ಎಳೆ, ಒಂದು ಹಿಡಿಗೆ ಸಿಕ್ಕಿಸಿದ್ದು. ಚರ್ಮಕ್ಕೆ ತಾಗಿಸಿ ಒತ್ತಿದರೆ ಹತ್ತು ಗ್ರಾಂ ಭಾರಕ್ಕೆ ಅದು ಬಿಲ್ಲಿನಂತೆ ಬಾಗುತ್ತದೆ. ಕಣ್ಣು ಮುಚ್ಚಿಕೊಂಡು, ತಾಗಿದಾಗಲೆಲ್ಲ ಹೂಂ ಎನ್ನಬೇಕು. ವೈದ್ಯರು ಕಾಲಿನ ಹೆಬ್ಬೆರಳ ತುದಿಗೆ ಒತ್ತಿದರು. ಎಳೆ ಬಾಗಿತು, ಹಿರಿಯರು ಸುಮ್ಮನಿದ್ದರು. ಪಾದದ ಉಬ್ಬಿಗೆ, ಹಿಮ್ಮಡಿಗೆ ಒತ್ತಿದರು. ಎಳೆ ಬಾಗುತ್ತಲೇ ಇತ್ತು. ಅವರ ಮುಖದಲ್ಲಿ ಕಾಯುವ ಭಾವ, ಪರೀಕ್ಷೆ ಇನ್ನೂ ಶುರುವಾಗಿಲ್ಲವೇನೋ ಎಂಬಂತೆ. ಹರಡಿನ ಮೇಲೆ ನಾಲ್ಕು ಬೆರಳಷ್ಟು ಹೋದಮೇಲೆ ಮೊದಲ ಹೂಂ ಬಂತು. ಆಮೇಲೆ ಶ್ರುತಿಕವಲನ್ನು, ಅಂದರೆ ತಟ್ಟಿದರೆ ಕಂಪಿಸುವ ಲೋಹದ ಕವಲನ್ನು, ಮಿಡಿದು ಹೆಬ್ಬೆರಳ ಗೆಣ್ಣಿಗೆ ಇಟ್ಟರು. ಅದು ಗುಂಯ್‌ಗುಟ್ಟುವುದು ನನಗೆ ಕುರ್ಚಿಯವರೆಗೆ ಕೇಳುತ್ತಿತ್ತು, ಅವರಿಗೆ ಮುಟ್ಟುತ್ತಿರಲಿಲ್ಲ.

ವಿಎ ಏರ್ಪಡಿಸುವ ತಪಾಸಣೆಯಲ್ಲೂ ವೈದ್ಯರ ಕೈಯಲ್ಲಿ ಅಚ್ಚಾದ ಪ್ರಶ್ನಾವಳಿ ಇರುತ್ತದೆ. ಬಲಕ್ಕೊಂದು ಎಡಕ್ಕೊಂದು ಸಾಲು: ಸತತ ನೋವು, ಬಿಟ್ಟು ಬಿಟ್ಟು ಬರುವ ನೋವು, ಜುಮುಗುಡುವುದು, ಮರಗಟ್ಟುವುದು. ಒಂದೊಂದರ ಮುಂದೂ ಇಲ್ಲ, ಸೌಮ್ಯ, ಮಧ್ಯಮ, ತೀವ್ರ ಎಂಬ ಚೌಕಗಳು. ಗಮನಿಸಿ, ನೋವು ಮತ್ತು ಮರಗಟ್ಟುವಿಕೆ ಬೇರೆ ಬೇರೆ ಸಾಲು. ನೋವೇ ಇಲ್ಲ ಎಂದ ಮಾತ್ರಕ್ಕೆ ನರ ಸರಿಯಿದೆ ಎಂದಲ್ಲ, ನೋವೂ ತಿಳಿಯದ ಹಂತ ಅದಕ್ಕಿಂತ ಕೆಟ್ಟದ್ದು. ಜೋಮು, ಉರಿ, ಸೆಳೆತ, ಇರುವೆ ಹರಿದಂತೆ, ಹತ್ತಿಯ ಮೇಲೆ ನಡೆದಂತೆ ಎಂದು ನಮ್ಮ ಕಡೆ ರೋಗಿಗಳು ಎಷ್ಟು ಬಿಡಿಸಿ ಹೇಳುತ್ತಾರೆ! ಹಾಗೆಯೇ ಹೇಳಬೇಕು. ಒಳ್ಳೆಯ ದಿನದ ಕಾಲನ್ನಷ್ಟೇ ಹೇಳಿ ಬರಬಾರದು, ಕೆಟ್ಟ ದಿನದ್ದನ್ನೂ ಹೇಳಬೇಕು. ಹೆಚ್ಚಿಸಿಯೂ ಹೇಳಬಾರದು; ಎಳೆ, ಸುತ್ತಿಗೆ, ಶ್ರುತಿಕವಲುಗಳ ಸಾಕ್ಷ್ಯಕ್ಕೂ ಮಾತಿಗೂ ಹೊಂದದಿದ್ದರೆ ಇಡೀ ಕಡತದ ನಂಬಿಕೆ ಹೋಗುತ್ತದೆ. ನರಕ್ಕೆ ವಿದ್ಯುತ್ ಹಾಯಿಸಿ ಮಾಡುವ ಪರೀಕ್ಷೆಯಲ್ಲಿ ಎಲ್ಲ ಸರಿ ಎಂದು ಬಂದರೆ ಎದೆಗುಂದಬೇಕಾಗಿಲ್ಲ. ಆ ಪರೀಕ್ಷೆ ದಪ್ಪ ನರತಂತುಗಳನ್ನು ಮಾತ್ರ ಅಳೆಯುತ್ತದೆ. ಉರಿಯನ್ನೂ ಬಿಸಿ ತಣ್ಣಗಿನ ಅರಿವನ್ನೂ ಒಯ್ಯುವ ಸಣ್ಣ ತಂತುಗಳು ಸತ್ತಿದ್ದರೆ ಅದಕ್ಕೆ ಕಾಣುವುದಿಲ್ಲ. ಅದಕ್ಕೆ ಚರ್ಮದ ಚೂರು ತೆಗೆದು ನೋಡುವ ಪರೀಕ್ಷೆ ಬೇರೆ ಇದೆ.

ಈಗ ಎಲ್ಲರನ್ನೂ ಗಲಿಬಿಲಿಗೊಳಿಸುವ ಕೂಡುವ ಲೆಕ್ಕ. ಒಬ್ಬರಿಗೆ ಬೆನ್ನಿಗೆ 20, ಎಡಗಾಲಿಗೆ 20, ಬಲಗಾಲಿಗೆ 10 ಬಂದಿದೆ ಎನ್ನಿ. ಒಟ್ಟು 50 ಎಂದು ನಾವು ನೀವು ಹೇಳುತ್ತೇವೆ. ವಿಎ ಹಾಗೆ ಕೂಡುವುದಿಲ್ಲ. ಮನುಷ್ಯ ನೂರು ಪಾಲು ಗಟ್ಟಿ ಎಂದು ಹಿಡಿದು, ಮೊದಲ ಕಾಯಿಲೆ ಅದರಲ್ಲಿ 20 ಪಾಲು ತೆಗೆಯಿತು, ಎರಡನೆಯದು ಉಳಿದ 80ರಲ್ಲಿ ಶೇ 20 ತೆಗೆಯಿತು ಎಂದು ಹೋಗುತ್ತದೆ. ಹಾಗೆ ಲೆಕ್ಕ ಹಾಕಿದರೆ ಈ ಮೂರೂ ಸೇರಿ 42; ಹತ್ತಿರದ ಹತ್ತಕ್ಕೆ ಇಳಿಸಿದರೆ 40. ಆದರೆ ಎರಡೂ ಕಾಲು ಕೆಟ್ಟವನಿಗೆ ಊರಿಕೊಳ್ಳಲು ಇನ್ನೊಂದು ಒಳ್ಳೆಯ ಕಾಲಿಲ್ಲ ಎಂಬುದನ್ನು ನಿಯಮ ಮರೆತಿಲ್ಲ. ಎರಡೂ ಕಾಲಿನದನ್ನು ಮೊದಲು ಕೂಡಿಸಿದರೆ 28. ಅದರ ಹತ್ತನೇ ಒಂದು ಪಾಲು, 2.8ನ್ನು ಮೇಲೆ ಸೇರಿಸುತ್ತಾರೆ: 30.8, ಅಂದರೆ 31. ಇದರೊಂದಿಗೆ ಬೆನ್ನಿನ 20ನ್ನು ಸೇರಿಸಿದರೆ ಉಳಿದ 69ರಲ್ಲಿ ಶೇ 20, ಅಂದರೆ 13.8, ಒಟ್ಟು 44.8, ಪೂರ್ಣಾಂಕದಲ್ಲಿ 45. ಐದಕ್ಕೆ ಕೊನೆಗೊಂಡದ್ದು ಮೇಲಕ್ಕೆ ಹೋಗುತ್ತದೆ, ಆದ್ದರಿಂದ 50. ಬರೀ 2.8 ಪಾಲಿನಿಂದ 2025ರ ದರದಲ್ಲಿ ತಿಂಗಳಿಗೆ 327.88 ಡಾಲರ್ ವ್ಯತ್ಯಾಸ! ತೀರ್ಮಾನಪತ್ರ ಬಂದಾಗ ಈ ಎರಡು ಬದಿಯ ಲೆಕ್ಕ ಸೇರಿದೆಯೇ ಎಂದು ಕಾಗದ ಪೆನ್ಸಿಲು ಹಿಡಿದು ನೋಡಿ.

ಮಿತಿಗಳೂ ಇವೆ. ಒಂದೇ ಲಕ್ಷಣಕ್ಕೆ ಎರಡು ಹೆಸರಿನಲ್ಲಿ ಎರಡು ಸಲ ಕೊಡುವಂತಿಲ್ಲ. ಮಂಡಿಯ ಕೆಳಗಿನ ತೊಂದರೆಗಳನ್ನೆಲ್ಲ ಸೇರಿಸಿದರೂ ಆ ಕಾಲನ್ನು ಅಲ್ಲಿ ಕತ್ತರಿಸಿದರೆ ಸಿಗುವ ಶೇ 40ನ್ನು ಮೀರುವಂತಿಲ್ಲ. ಪಾದ ಅಥವಾ ಕೈ ಇದ್ದೂ ಇಲ್ಲದಂತಾಗಿದ್ದರೆ ಶೇಕಡಾದ ಹೊರಗೆ ಪ್ರತ್ಯೇಕ ಮಾಸಿಕ ಮೊತ್ತವೂ ಇದೆ, ಅದನ್ನು ಕೇಳಿ ನೋಡಬೇಕು.

ಊರಿನಲ್ಲಿ ಮಾಜಿ ಸೈನಿಕರಿರುವ ಓದುಗರಿಗೆ ಒಂದು ಮಾತು: ಭಾರತದ ಪದ್ಧತಿ ಬೇರೆ. ಅಲ್ಲಿ ಸಾಮಾನ್ಯವಾಗಿ ಸೇನೆಯಿಂದ ಬಿಡುಗಡೆಯಾಗುವಾಗ ವೈದ್ಯಕೀಯ ಮಂಡಳಿ ಅಂಗವೈಕಲ್ಯವನ್ನು ನಿಗದಿ ಮಾಡುತ್ತದೆ, ಅಂಗವೈಕಲ್ಯ ಪಿಂಚಣಿಗೆ ಕನಿಷ್ಠ ಶೇ 20 ಬೇಕು. ಸೇರುವಾಗ ಕಾಯಿಲೆ ಇತ್ತೆಂದು ದಾಖಲೆಯಲ್ಲಿ ಇಲ್ಲದಿದ್ದರೆ ಯೋಧ ಆರೋಗ್ಯವಂತನಾಗಿಯೇ ಸೇರಿದನೆಂದು ಭಾವಿಸಬೇಕು ಎಂದು ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. ಅಮೆರಿಕದ ಕಾನೂನಿನಲ್ಲೂ ಇಂಥದೇ ಭಾವನೆಯಿದೆ. ಎರಡು ದೇಶದ ಶೇಕಡಾಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಲು ಹೋಗಬೇಡಿ, ಅಳತೆಯೇ ಬೇರೆ.

ಅರ್ಜಿ ಹಾಕುವ ಮುನ್ನ ಮಾಡಬೇಕಾದ ಒಂದು ಸಣ್ಣ ಕೆಲಸಕ್ಕೆ ದೊಡ್ಡ ಬೆಲೆಯಿದೆ. ಅರ್ಜಿ ಹಾಕುವ ಉದ್ದೇಶವಿದೆ ಎಂದು ವಿಎಗೆ ಮೊದಲೇ ತಿಳಿಸಿಟ್ಟರೆ, ಒಂದು ವರ್ಷದೊಳಗೆ ಪೂರ್ಣ ಅರ್ಜಿ ಸಲ್ಲಿಸಿದಾಗ ಹಣದ ಲೆಕ್ಕವನ್ನು ಸಾಮಾನ್ಯವಾಗಿ ಆ ಮೊದಲ ದಿನದಿಂದ ಹಿಡಿಯಬಹುದು. ವೈದ್ಯರ ಕಾಗದ ಒಟ್ಟುಮಾಡಲು ಅಷ್ಟು ಸಮಯ ಬೇಕೇ ಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ 2019ರ ಫೆಬ್ರವರಿಯಿಂದ ಮೂರು ದಾರಿಗಳಿವೆ. ಹೊಸ ಸಾಕ್ಷ್ಯವಿದ್ದರೆ ಪೂರಕ ಅರ್ಜಿ. ಸಾಕ್ಷ್ಯ ಅದೇ ಇದ್ದು ಓದಿದ್ದು ತಪ್ಪಾಗಿದ್ದರೆ ಮೇಲಿನ ಅಧಿಕಾರಿಯ ಮರುಪರಿಶೀಲನೆ. ಇಲ್ಲವಾದರೆ ಮೇಲ್ಮನವಿ ಮಂಡಳಿ. ತೀರ್ಮಾನಪತ್ರದ ದಿನಾಂಕದಿಂದ ಒಂದು ವರ್ಷದೊಳಗೆ ಹೆಜ್ಜೆ ಇಟ್ಟರೆ ಮೊದಲ ತಾರೀಖು ಉಳಿಯುತ್ತದೆ. ಡಿಸೇಬಲ್ಡ್ ಅಮೆರಿಕನ್ ವೆಟರನ್ಸ್, ಅಮೆರಿಕನ್ ಲೀಜನ್‌ನಂಥ ಸಂಘಗಳ ಮಾನ್ಯತೆ ಪಡೆದ ಪ್ರತಿನಿಧಿಗಳು ಇದನ್ನೆಲ್ಲ ಉಚಿತವಾಗಿ ಮಾಡಿಕೊಡುತ್ತಾರೆ. ಮೊದಲ ಅರ್ಜಿ ತುಂಬಿಕೊಡಲು ಹಣ ಕೇಳುವವರನ್ನು ಬಾಗಿಲಿನಿಂದಲೇ ಕಳುಹಿಸಿಬಿಡಿ; ಕಾನೂನು ಅದಕ್ಕೆ ಅವಕಾಶ ಕೊಟ್ಟಿಲ್ಲ.

ನಮ್ಮ ಹಿರಿಯರು ಪೂರಕ ಅರ್ಜಿಯ ದಾರಿ ಹಿಡಿದರು. ನೈಲಾನ್ ಎಳೆಯ ಫಲಿತಾಂಶವನ್ನು ವೈದ್ಯರು ಒಂದು ಪುಟದಲ್ಲಿ ಬರೆದುಕೊಟ್ಟರು. ಇನ್ನೊಂದು ಪುಟ ಅವರ ಹೆಂಡತಿಯದು. ಕಣ್ಣಾರೆ ಕಂಡದ್ದನ್ನು ಮನೆಯವರು, ಸ್ನೇಹಿತರು ಬರೆದುಕೊಟ್ಟರೆ ಅದೂ ಸಾಕ್ಷ್ಯವೇ, ಅದಕ್ಕೆಂದೇ ವಿಎ ನಮೂನೆಯಿದೆ. ಕಾಯಿಲೆಯ ಹೆಸರು, ಕಾರಣ ಹೇಳುವುದು ವೈದ್ಯರ ಕೆಲಸ. ಎಷ್ಟು ಸಲ ಮುಗ್ಗರಿಸಿದರು, ಯಾವಾಗಿನಿಂದ ಕಾರು ಓಡಿಸುವುದನ್ನು ಬಿಟ್ಟರು ಎಂಬುದನ್ನು ಮನೆಯವರಷ್ಟು ಚೆನ್ನಾಗಿ ಯಾರು ಬಲ್ಲರು? ಆ ತಾಯಿ ನಮ್ಮ ಅಡುಗೆಮನೆಯ ಮೇಜಿನ ಮುಂದೆ ಕುಳಿತು ಬರೆಯಲು ಶುರುಮಾಡಿದಾಗ ಮೊದಲ ಸಾಲು 'ಅವರು ಬಹಳ ಕಷ್ಟಪಡುತ್ತಿದ್ದಾರೆ' ಎಂದಿತ್ತು. ಅದನ್ನು ಹೊಡೆದುಹಾಕಿ ಬೇರೆ ಬರೆದರು. 'ಆರು ವರ್ಷದಿಂದ ಪ್ರತಿ ರಾತ್ರಿ ಅವರ ಸ್ನಾನದ ನೀರನ್ನು ಮೊದಲು ನಾನು ಮುಟ್ಟಿ ನೋಡುತ್ತೇನೆ. ಮಲಗುವ ಮುಂಚೆ ಕನ್ನಡಿ ಹಿಡಿದು ಅವರ ಅಂಗಾಲಿನಲ್ಲಿ ಗಾಯವಾಗಿದೆಯೇ ಎಂದು ಹುಡುಕುತ್ತೇನೆ. ಒಂದು ಸಲ ಶೂ ಒಳಗೆ ಮೊಳೆ ಇತ್ತು, ಸಂಜೆ ಕಾಲುಚೀಲ ಒದ್ದೆಯಾಗಿದ್ದು ಕಂಡ ಮೇಲೆ ನಮಗೆ ತಿಳಿಯಿತು.' ಹೀಗೆ ಒಂದು ಪುಟ ತುಂಬಿತು. ಹಿರಿಯರು ಅದನ್ನು ಓದಿ, ಇಷ್ಟೆಲ್ಲ ಬರೆಯಬೇಕೇ ಎಂದರು. ಆಕೆ ಉತ್ತರ ಕೊಡದೆ ಕೆಳಗೆ ಸಹಿ ಹಾಕಿ, ತಾರೀಖು ಬರೆದು, ಪೆನ್ನನ್ನು ಅವರ ಕೈಗೆ ಕೊಟ್ಟರು.